ಲಿಫ್ಟಿನ ಕೆಳಗೆ ಕೂತವಳು

ಜನವರಿ 18

ಇವತ್ತೂ ಅಕ್ಕ ಹನ್ನೊಂದನೇ ಮಹಡಿಯಲ್ಲಿ ನಿಂತುಬಿಟ್ಟಳು. ಕೆಳಗಿನಿಂದ ಹೇಳಿಕೊಟ್ಟೆ. ಹಾಡಿದಳು. ಯಾರಿಗೂ ಗೊತ್ತಾಗಲಿಲ್ಲ.

ಲೈಬ್ರರಿ ಕೆಲಸ ಐದಕ್ಕೆ ಮುಗಿಯುತ್ತದೆ. ಐದೂಕಾಲಿಗೆ ರಿಹರ್ಸಲ್‌ಗೆಂದು ಯೂನಿವರ್ಸಿಟಿ ಥಿಯೇಟರಿನ ವೇದಿಕೆಯ ಅಡಿಯ ಗೂಡಿಗೆ ಇಳಿಯುತ್ತೇನೆ. ಸಾಲು ಮರೆತರೆ ಹೇಳಿಕೊಡುವುದು ನನ್ನ ಕೆಲಸ. ಒಂದು ಸ್ಟೂಲು, ಪುಟ್ಟ ದೀಪ, ಸ್ವರಪತ್ರ. ಎದುರಿಗೆ ಗೇಣಗಲದ ಕಿಂಡಿ. ಅದರಲ್ಲಿ ಅಕ್ಕನ ಪಾದ ಮಾತ್ರ ಕಾಣುತ್ತದೆ.

ಒಪೆರಾದ ಹೆಸರು ‘ಲಿಫ್ಟ್’. ಕಥೆ ಇಲ್ಲ. ಅಕ್ಕ ಲಿಫ್ಟ್ ನಡೆಸುವವಳು. ಕಬ್ಬಿಣದ ಪಂಜರದೊಳಗೆ ಒಂದೂವರೆ ಗಂಟೆ ನಿಂತು ಇಪ್ಪತ್ತಾರು ಮಹಡಿಗಳನ್ನು ಹಾಡುತ್ತಾಳೆ, ಮಹಡಿಗೊಂದು ಹಾಡು — ಒಂದು, ಹನ್ನೊಂದು, ನಾಲ್ಕು, ಹದಿನೇಳು... ಒಂದರಿಂದ ಇನ್ನೊಂದನ್ನು ಊಹಿಸುವಂತಿಲ್ಲ. ವಾದ್ಯದವರಿಗೆ ಕೈಸನ್ನೆ ಮಾಡುವ ಕಂಡಕ್ಟರ್ ಇಲ್ಲ. ಅವಳು ಯಾವ ಮಹಡಿ ಎನ್ನುತ್ತಾಳೋ ವಾದ್ಯದವರು ಆ ಪುಟ ತೆರೆದು ಅವಳ ಹಿಂದೆ ಹೋಗಬೇಕು. ಮಹಡಿಗಳ ನಡುವೆ ಮೌನ. ಎಷ್ಟು ಹೊತ್ತು ಎನ್ನುವುದು ಅವಳ ಇಷ್ಟ.

ಬರೆದವನೂ ನಿರ್ದೇಶಕನೂ ಒಬ್ಬನೇ. ಇಲ್ಲೇ ಸಂಗೀತ ಕಲಿಸುವ ಅಕ್ಕನ ಹಳೆಯ ವಿದ್ಯಾರ್ಥಿ. “ಮೇಡಂ, ನಿಮ್ಮ ಮೌನ ಇದೆಯಲ್ಲ, ಈ ಒಪೆರಾದ ಜೀವಾನೇ ಅದು” ಎಂದ ಇವತ್ತು.

ಅಕ್ಕ ತಲೆಯಾಡಿಸಿದಳು. ಆ ಮೌನ ಏನೆಂದು ನಮ್ಮಿಬ್ಬರಿಗೇ ಗೊತ್ತು.

ಜನವರಿ 20, ಮಧ್ಯಾಹ್ನ

ಡಾಕ್ಟರ್ ಮತ್ತೆ ಅದೇ ಹೇಳಿದರು. ಮರೆವು ಶುರುವಾಗಿದೆ, ನಿಧಾನವಾಗಿ ಹೆಚ್ಚುತ್ತದೆ. ಹಾಡಬಹುದೇ ಎಂದು ಅಕ್ಕ ಕೇಳಿದಳು. ಹಾಡಬಹುದು, ಆದರೆ ಹೊಸದು ನಿಲ್ಲುವುದು ಕಷ್ಟ ಎಂದರು.

ಬಸ್ಸಿನಲ್ಲಿ ಕೇಳಿದೆ — ನಿರ್ದೇಶಕನಿಗೆ ಹೇಳಿಬಿಡೋಣವೇ?

“ಮೂವತ್ತು ವರ್ಷ ಬೇರೆಯವರ ಗಂಟಲು ರಿಪೇರಿ ಮಾಡಿದೀನಿ ಕಣೇ. ಜೂನ್‌ಗೆ ರಿಟೈರ್ ಆಗ್ತೀನಿ. ಮುಖ್ಯ ಪಾತ್ರ ಅಂತ ಸಿಕ್ಕಿರೋದು ಇದೊಂದೇ.”

ಕಾದಂಬರಿ ತೆರೆದೆ. ರಷ್ಯನ್‌ನಿಂದ ಬಂದದ್ದು. ಮೂರು ಜನಕ್ಕೆ ಹೆಚ್ಚುಕಡಿಮೆ ಒಂದೇ ಹೆಸರು. ಮೊದಲ ಪುಟದ ಪಾತ್ರಗಳ ಪಟ್ಟಿಗೆ ಹಿಂತಿರುಗುತ್ತಲೇ ಇದ್ದೆ.

“ನೋಡು, ನೀನೂ ಪಟ್ಟಿ ನೋಡ್ಕೊಂಡೇ ಓದ್ತೀಯ” ಎಂದಳು. “ನನ್ನನ್ನೊಬ್ಬಳನ್ನೇ ಯಾಕೆ ಆಸ್ಪತ್ರೆಗೆ ಎಳ್ಕೊಂಡು ಹೋಗ್ತೀಯ?”

ಇಬ್ಬರೂ ನಕ್ಕೆವು. ಎದುರು ಸೀಟಿನವರು ತಿರುಗಿ ನೋಡಿದರು.

ಫೆಬ್ರವರಿ 9

ಮೂರು ವಾರದಿಂದ ಬರೆದಿಲ್ಲ. ಬರೆಯುವಂಥದ್ದೇನೂ ಅಲ್ಲ. ಮೊದಲು ಅವಳು ನಿಂತರೆ ಮಾತ್ರ ಹೇಳುತ್ತಿದ್ದೆ. ಈಗ ನಿಲ್ಲುವ ಮೊದಲೇ ಹೇಳುತ್ತೇನೆ. ಪ್ರತಿ ಮಹಡಿಯನ್ನೂ. ಪಿಸುದನಿಯಲ್ಲಿ, ಅರ್ಧ ತಾಳ ಮುಂಚೆ. ಅವಳು ನನ್ನ ಬಾಯಿಂದ ಎತ್ತಿಕೊಂಡು ಹಾಡುತ್ತಾಳೆ. ಚೆನ್ನಾಗಿಯೇ ಹಾಡುತ್ತಾಳೆ. ದನಿಗೆ ಏನೂ ಆಗಿಲ್ಲ.

ಇದು ಮೋಸವೇ? ಗೊತ್ತಿಲ್ಲ. ಮನೆಗೆ ಬರುತ್ತಾ ಈ ಮಾತು ಎತ್ತುವುದಿಲ್ಲ. ಅವಳೂ ಎತ್ತುವುದಿಲ್ಲ.

ಫೆಬ್ರವರಿ 15, ಬೆಳಿಗ್ಗೆ

ನಿನ್ನೆ ಮೊದಲ ಪ್ರದರ್ಶನ. ಹೇಗಾಯಿತೋ ಹಾಗೆಯೇ ಬರೆಯುತ್ತೇನೆ.

ಪಂಜರದ ಕಿರ್‌ಕಿರ್ ಸದ್ದು ಹಾಲಿಗೆ ಕೇಳಿಸಬೇಕೆಂದು ನಿರ್ದೇಶಕನ ಆಸೆ. ನಿನ್ನೆ ಮಧ್ಯಾಹ್ನ ಸೌಂಡ್‌ನವನು ಲಿಫ್ಟಿನ ತಳದ ಹಲಗೆಗೆ ಮೈಕು ಅಂಟಿಸಿದ್ದಾನೆ. ಅದೂ ಅಡಿಯಿಂದ. ನನ್ನ ಬಾಯಿಗೂ ಅದಕ್ಕೂ ಒಂದು ಮೊಳ. ಪರೀಕ್ಷೆ ಮಾಡುವಾಗ ನಾನು ಲೈಬ್ರರಿಯಲ್ಲಿದ್ದೆ. ನನಗೆ ಯಾರೂ ಹೇಳಲಿಲ್ಲ. ಸ್ಪೀಕರುಗಳು ಹಾಲಿನ ಹಿಂಭಾಗದಲ್ಲಿ. ಗೂಡಿನೊಳಗೆ ಅವುಗಳ ಸದ್ದು ಕೇಳುವುದಿಲ್ಲ.

ಒಂದೂವರೆ ಗಂಟೆ, ಇಪ್ಪತ್ತಾರು ಮಹಡಿ. ಅಕ್ಕನಿಗಿಂತ ಅರ್ಧ ತಾಳ ಮುಂಚೆ ನನ್ನ ಪಿಸುದನಿ ಇಡೀ ಹಾಲಿಗೆ ಕೇಳಿದೆ.

ಮೇಲೆ ಬಂದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ನಿರ್ದೇಶಕ ನನ್ನ ಕೈ ಹಿಡಿದುಕೊಂಡ. “ಎಂಥ ಕೆಲಸ ಮಾಡಿದ್ರಿ. ಲಿಫ್ಟೇ ಅವರಿಗೆ ಹೇಳಿಕೊಡ್ತಿದೆ ಅನ್ನಿಸ್ತು. ಒಂದೇ ರಿಕ್ವೆಸ್ಟು, ನಾಳಿದ್ದು ಸ್ವಲ್ಪ ಗಟ್ಟಿಯಾಗಿ.”

ಮೈಕು ತೆಗೆಸಿ ಎಂದೆ. “ತೆಗೆದ್ರೆ ಉಳಿಯೋದೇನು? ಎಲ್ಲರೂ ಮೆಚ್ಚಿದ್ದು ಅದನ್ನೇ” ಎಂದ.

ಅಕ್ಕ ಪಕ್ಕದಲ್ಲೇ ಇದ್ದಳು. ಲಿಪ್‌ಸ್ಟಿಕ್ ಒರೆಸುತ್ತಿದ್ದಳು. ಒರೆಸುತ್ತಲೇ ಇದ್ದಳು.

ಅದೇ ದಿನ, ಸಂಜೆ

ಅವಳ ಅಡುಗೆಮನೆ. ಕಪಾಟಿನ ಬಾಗಿಲುಗಳಿಗೆಲ್ಲ ಚೀಟಿ ಅಂಟಿಸಿದ್ದಾಳೆ. ಲೋಟ. ತಟ್ಟೆ. ಔಷಧ. ನಾನು ಬಂದಾಗ ಕೀಳುತ್ತಿದ್ದಳು. ನೋಡದವಳಂತೆ ಕೂತೆ.

“ಮೊದಲ ಮಹಡಿಯಿಂದಲೇ ಕೇಳಿಸ್ತು ನನಗೆ.”

“ನಿಲ್ಲಿಸೋಕೆ ಸನ್ನೆ ಮಾಡಬಹುದಿತ್ತಲ್ಲ.”

“ನಿಲ್ಲಿಸಿದ್ರೆ ನಾನೇನು ಹಾಡ್ಲಿ?” ಇನ್ನೊಂದು ಚೀಟಿ ಕಿತ್ತಳು. “ಐನೂರು ಜನರ ಎದುರು ತುತ್ತು ಮಾಡಿ ತಿನ್ನಿಸಿದ ಹಾಗಿತ್ತು ಪುಟ್ಟಿ. ಒಂದು ತುತ್ತನ್ನೂ ನಾನೇ ಎತ್ಕೊಳ್ಳಲಿಲ್ಲ. ಅಷ್ಟು ಹೇಳಿಕೊಡ್ತಿದೀಯ ಅಂತ ನನಗೇ ಗೊತ್ತಿರಲಿಲ್ಲ.”

ಮೈಕು ತೆಗೆಯದಿದ್ದರೆ ಅದರ ಮೇಲೆ ಬಟ್ಟೆ ಸುತ್ತುತ್ತೇನೆ ಎಂದೆ.

“ಬಟ್ಟೆ ನಿನ್ನ ಬಾಯಿಗೆ ಸುತ್ತು. ನಾಳೆ ಕೊನೇ ಶೋ. ನೀನು ಬಾಯಿ ಬಿಡಬಾರದು. ಏನೇ ಆಗ್ಲಿ. ನನ್ನ ಮೇಲೆ ಆಣೆ ಮಾಡು.”

“ನಿಂತುಬಿಟ್ರೆ?”

“ನಿಲ್ತೀನಿ. ನಾನೇ ನಿಂತ ಹಾಗಾಯ್ತಲ್ಲ.”

ಆಣೆ ಮಾಡಿದೆ. ಐವತ್ತೆರಡು ವರ್ಷದಲ್ಲಿ ಅಕ್ಕ ಹೇಳಿದ್ದನ್ನು ಮೀರಿದ್ದಿಲ್ಲ.

ಫೆಬ್ರವರಿ 16, 6.50, ಗೂಡಿನಲ್ಲಿ

ಬಾಯಿಗೆ ಕೆಲಸವಿಲ್ಲ, ಕೈಗಾದರೂ ಇರಲಿ ಎಂದು ಪೆನ್ಸಿಲ್ ಹಿಡಿದಿದ್ದೇನೆ. ಮೈಕು ಇದ್ದಲ್ಲೇ ಇದೆ. ಪೆನ್ಸಿಲಿನ ಸದ್ದೂ ಕೇಳಿಸುವುದೇನೋ. ಮೆಲ್ಲಗೆ ಬರೆಯುತ್ತೇನೆ.

7.12

ಒಂದು. ಹನ್ನೊಂದು — ಕಾದೆ, ಬಂತು. ನಾಲ್ಕು. ಹದಿನೇಳು. ತಾನೇ ಹಾಡುತ್ತಿದ್ದಾಳೆ.

7.20

ಎಂಟನೇ ಮಹಡಿಯೂ ಸರಿ. ದನಿ ಬೇರೆಯೇ ಆಗಿದೆ. ನಿನ್ನೆ ಮೊನ್ನೆಯವರೆಗೆ ಇಷ್ಟು ನಿರಾಳವಾಗಿರಲಿಲ್ಲ. ನಾನೇ ಅಡ್ಡ ಬರುತ್ತಿದ್ದೆನೇ?

7.31

ಇಪ್ಪತ್ತೆರಡನೇ ಮಹಡಿ ಆಯಿತು. ಮುಂದಿನದು ಒಂಬತ್ತು.

ಮೌನ.

ಪಾದ ಅಲುಗುತ್ತಿಲ್ಲ. ವಾದ್ಯದವರು ಕಾಯುತ್ತಿದ್ದಾರೆ. ಹಾಲಿನಲ್ಲಿ ಕೆಮ್ಮೂ ಇಲ್ಲ. ಎಲ್ಲರೂ ಇದನ್ನು ಮೆಚ್ಚುತ್ತಿರಬೇಕು. ಒಂಬತ್ತು, ಅಕ್ಕ. ಒಂಬತ್ತನೇ ಮಹಡಿ, ಬೆಳಕಿಲ್ಲ, ಗೋಡೆ ಹಿಡಿದು ನಡೆಯಿರಿ. ಇಲ್ಲಿ ಬರೆದರೆ ಆಣೆ ಮುರಿದಂತಲ್ಲ.

7.34

ಉಸಿರೆಳೆದುಕೊಂಡಳು. ಹಾಡಿದಳು.

ಮೊದಲನೇ ಮಹಡಿ.

ಮತ್ತೆ ಮೊದಲಿನಿಂದ. ವಾದ್ಯದವರು ಸರಸರ ಪುಟ ತಿರುಗಿಸಿ ಅವಳ ಹಿಂದೆ ಹೊರಟರು. ನಿಯಮ ಅದೇ ತಾನೆ. ಪಿಟೀಲೊಂದು ಅರೆಗಳಿಗೆ ತಡವಾಯಿತು, ಅಷ್ಟೇ. ಹನ್ನೊಂದು. ನಾಲ್ಕು. ಒಂದೂ ತಪ್ಪಿಲ್ಲ. ಮೊದಲ ಸಲ ಹಾಡುತ್ತಿರುವಷ್ಟೇ ಹೊಸತಾಗಿ ಹಾಡುತ್ತಿದ್ದಾಳೆ. ಆಗಲೇ ಹಾಡಿದ್ದು ಅವಳಿಗೆ ಗೊತ್ತಿಲ್ಲ.

8.01

ಮತ್ತೆ ಇಪ್ಪತ್ತೆರಡರ ಹತ್ತಿರ ಬರುತ್ತಿದ್ದಾಳೆ. ಇನ್ನು ಎರಡು ಮಹಡಿ. ನಾನು ಬಾಯಿ ಬಿಟ್ಟರೆ ಹಾಲಿಗೆಲ್ಲ ಕೇಳುತ್ತದೆ. ಬಿಡದಿದ್ದರೆ ಅವಳು ಮತ್ತೆ ಮೊದಲಿನಿಂದ

ಇನ್ನು ಒಂದೇ ಮಹಡಿ.

ಇಪ್ಪತ್ತೆರಡು. ನಿಂತಳು. ಅಕ್ಕ, ನಾನು