ಪೈಪಿಗೆ ಬಿಟ್ಟ ಜಾಗ

ಮಾರ್ಚ್ ೧೨, ಭಾನುವಾರ

ನನ್ನ ಎಡಚ ತಮ್ಮನಿಗೆ,

ಅಕ್ಕನ ಆಶೀರ್ವಾದ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಕೂತರೆ ಸಿಟ್ಟು ನೆತ್ತಿಗೇರುತ್ತಿತ್ತು. ಇಲ್ಲಿ ನಾವಿಬ್ಬರೂ ಕ್ಷೇಮ. ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಕಾರ್ಖಾನೆ ಬಿಟ್ಟು ಬಂದ ಮಗಳು ಈಗ ಬೀದಿಯವರ ನಲ್ಲಿ ರಿಪೇರಿಗೆ ನಿಂತಿದ್ದಾಳೆ ಎಂದು ಪಕ್ಕದ ಮನೆಯವರ ಮುಂದೆ ನಗುತ್ತಾಳೆ. ಯಾಕೆ ಬಿಟ್ಟೆ ಎಂದು ಅವಳಿಗೆ ಹೇಳಿಲ್ಲ.

ನೀನು ಈಗ ನನ್ನ ಜಾಗದಲ್ಲಿ ಮೇಸ್ತ್ರಿಯಂತೆ. ಸಂತೋಷ ಎಂದು ಬರೆಯಲು ಕೈ ಬರುತ್ತಿಲ್ಲ. ಆದರೂ ಕೇಳು. ಸ್ಟೀಮ್ ಪೈಪನ್ನು ಹೊತ್ತ ಕಬ್ಬಿಣದ ಪಾದ, ಆ ಶೂ, ಬೀಮಿನ ಮೇಲೆ ಸುಮ್ಮನೆ ಕೂತಿರಬೇಕು, ಅಂಟಿಕೊಂಡಿರಬಾರದು. ಕಾದ ಪೈಪು ಅಂಗೈಯಗಲ ಉದ್ದವಾಗುತ್ತದೆ, ಶೂ ಅದರ ಜೊತೆ ಜರುಗಬೇಕು. ಜರುಗಲು ಬಿಡದಿದ್ದರೆ ಪೈಪು ತಿರುವಿನಲ್ಲಿ ಸೀಳುತ್ತದೆ. ಹೋದ ತಿಂಗಳು ಆದದ್ದೂ ಅದೇ ತಾನೇ. ಅಲುಗಾಡುತ್ತದೆ ಎಂದು ಯಾರೋ ಶೂವನ್ನು ಬೀಮಿಗೆ ವೆಲ್ಡ್ ಮಾಡಿಬಿಟ್ಟರು. ಸ್ಟೀಮ್ ಬಿಟ್ಟೊಡನೆ ತಿರುವು ಬಿರಿದು ಮುದುಕ ಫಿಟ್ಟರನ ಮುಂಗೈ ಬೆಂದುಹೋಯಿತು. ಮೊನ್ನೆ ಅವರನ್ನು ನೋಡಿಕೊಂಡು ಬಂದೆ.

"ನೀನು ಅಂಥ ಕೆಲಸ ಮಾಡೋಳಲ್ಲ ಅಂತ ನಂಗೊತ್ತು ಕಣಮ್ಮ," ಅಂದರು.

ವಿಚಾರಣೆಯ ದಿನ ಆ ಮಾತು ಆಡಲು ಯಾರೂ ಇರಲಿಲ್ಲ. ವೆಲ್ಡ್ ಮಾಡಿದವಳು ನೀನೇ ಎಂದು ಕಂಡವರು ಹೇಳಿದ್ದಾರೆ ಎಂದ ಮ್ಯಾನೇಜರು ನನ್ನನ್ನು ಮನೆಗೆ ಕಳಿಸಿದರು. ಇನ್ನು ಯಾವ ಕಾರ್ಖಾನೆಯವರೂ ನನ್ನನ್ನು ಸ್ಟೀಮ್ ಪೈಪಿನ ಹತ್ತಿರ ಸೇರಿಸುವುದಿಲ್ಲ. ನನಗೆ ಬರುವುದು ಅದೊಂದೇ ಕೆಲಸ ಎಂದು ನಿನಗೆ ಗೊತ್ತು.

ಅಮ್ಮ ನಿನ್ನ ದಾರಿ ನೋಡುತ್ತಿರುತ್ತಾಳೆ, ಆಗಾಗ ಬಂದು ಮುಖ ತೋರಿಸು. ಕೈಗವಸಿಲ್ಲದೆ ವೆಲ್ಡಿಂಗಿಗೆ ಕೂರಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ಚೆನ್ನಾಗಿರು.

ನಿನ್ನ
ಅಕ್ಕ

ಇನ್ನೊಂದು ಮಾತು: ವಿಚಾರಣೆಗೆ ಮೊದಲು ನಾನು ಆ ಬೀಮಿನ ಮೇಲೆ ಹತ್ತಿ ನೋಡಿದ್ದೆ. ಆ ವೆಲ್ಡಿಂಗಿನಲ್ಲಿ ಲೋಹ ಆರಿ ಮೂಡಿದ ಅಲೆಗಳು ಎಡಗೈ ಎಳೆದವು. ಕೈ ಹಿಡಿದು ಕಲಿಸಿದವಳಿಗೆ ತಿಳಿಯುವುದಿಲ್ಲವೇನೋ? ಯಾರ ಕಣ್ಣಿಗೂ ಬೀಳದಿರಲಿ ಎಂದು ಗ್ರೈಂಡರ್ ಹಿಡಿದು ಒಂದು ಅಲೆಯೂ ಕಾಣದಂತೆ ಉಜ್ಜಿಹಾಕಿದೆ. ಕೆಳಗಿಳಿಯುವಷ್ಟರಲ್ಲಿ ನೀನು ಮ್ಯಾನೇಜರ ಕೋಣೆಗೆ ಹೋಗಿ, ಅಕ್ಕ ವೆಲ್ಡ್ ಮಾಡಿದ್ದನ್ನು ಕಣ್ಣಾರೆ ಕಂಡೆ ಎಂದು ಹೇಳಿ ಬಂದಿದ್ದೆ. ನಾನಲ್ಲ ಎಂದು ತೋರಿಸಲು ಇದ್ದದ್ದನ್ನು ನಾನೇ ಉಜ್ಜಿ ಬಂದಿದ್ದೆ.