ನರ್ಸಕ್ಕನಿಗೆ ಹತ್ತಕ್ಕೆ ಒಂಬತ್ತು

ಮನೆಯಿಂದ,
ಹನ್ನೆರಡನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಸೇತುವೆ ಕೆಲಸದಲ್ಲಿ ಹಿಡಿದ ಬೆನ್ನುನೋವು ಕಮ್ಮಿಯಾಯಿತಾ? ಹೊತ್ತಿಗೆ ಸರಿಯಾಗಿ ಊಟ ಮಾಡು. ನಾವು ಆರಾಮ. ಅಪ್ಪನ ಬಿ.ಪಿ. ಹತೋಟಿಯಲ್ಲಿದೆ, ಬಾಯಿ ಮಾತ್ರ ಇಲ್ಲ.

ವಾರ್ಡಿನ ಚುನಾವಣೆಗೆ ನಮ್ಮ ಬೀದಿಯ ನರ್ಸಕ್ಕ ನಿಂತಿದ್ದು ನಿನಗೆ ಗೊತ್ತಲ್ಲ. ಅವಳು ಗೆದ್ದರೆ ಮೂಲೆಯ ಆಸ್ಪತ್ರೆ ಉಳಿಯುತ್ತದೆ, ಸೋತರೆ ಬೀಗ ಬೀಳುತ್ತದೆ. ಈ ಸಲ ಹೊಸ ಪದ್ಧತಿ. ಮುದ್ರೆ ಒತ್ತುವಂತಿಲ್ಲ, ಏಳು ಹೆಸರುಗಳ ಮುಂದೆ ಒಂದು, ಎರಡು, ಮೂರು ಎಂದು ಇಷ್ಟದ ಕ್ರಮದಲ್ಲಿ ಬರೆಯಬೇಕು. ತೀರಾ ಮೆಚ್ಚಿದವರಿಗೆ ಒಂದು. ಬೀದಿಯವರಿಗೆ ತಲೆಬುಡ ತಿಳಿಯಲಿಲ್ಲ. ಮೂವತ್ತಾರು ವರ್ಷ ಲೆಕ್ಕದ ಮೇಷ್ಟ್ರಾಗಿದ್ದ ಅಪ್ಪ ಸುಮ್ಮನಿರುತ್ತಾರಾ? ಹಜಾರದಲ್ಲಿ ಬೋರ್ಡು ನಿಲ್ಲಿಸಿ ಮೂರು ದಿನ ಪಾಠ ಮಾಡಿದರು. ಹೊಲಿಗೆಯವಳು, ಹಾಲಿನವನು ಎಲ್ಲರೂ ಕೈಕಟ್ಟಿ ಕೂತಿದ್ದರು. ಆ ಮೇಷ್ಟ್ರ ಭಯ ನಿನಗೆ ಹೇಳಬೇಕೆ, ಏಳನೇ ತರಗತಿಯಲ್ಲಿ ಒಂದು ಲೆಕ್ಕಕ್ಕೆ ನಿನಗೇ ಸೊನ್ನೆ ಹಾಕಿ ಹೊರಗೆ ನಿಲ್ಲಿಸಿದ್ದನ್ನು ಇನ್ನೂ ಮರೆತಿಲ್ಲ ನೀನು. ನನಗೆ ಕೆಲಸಕ್ಕೆ ಹೊರಡುವ ಗಡಿಬಿಡಿ, ಏನು ಕಲಿಸಿದರೆಂದು ಕಿವಿಗೊಡಲಿಲ್ಲ.

ಎಣಿಕೆಯ ದಿನ ನರ್ಸಕ್ಕನ ಪರವಾಗಿ ನಾನೇ ಮೇಜಿನ ಪಕ್ಕ ಕೂತಿದ್ದೆ. ಮೊದಲ ಚೀಟಿ ಬಿಡಿಸಿದರು: ನರ್ಸಕ್ಕನಿಗೆ ಒಂಬತ್ತು, ಉಳಿದವರಿಗೆ ನಾಲ್ಕು, ಮೂರು, ಮತ್ತೆ ನಾಲ್ಕು, ಹೀಗೆ. ಅಸಿಂಧು. ಎರಡನೆಯದೂ ಹಾಗೇ. ನಮ್ಮ ಬೀದಿಯ ನೂರಾ ಹನ್ನೊಂದು ಚೀಟಿಗಳಲ್ಲೂ ಹತ್ತಕ್ಕೆ ಇಷ್ಟು ಅಂತ ಅಂಕ! ಒಂದರಲ್ಲಂತೂ ಎದುರು ನಿಂತಿದ್ದ ಮರದ ವ್ಯಾಪಾರಿಗೆ ಎರಡೂವರೆ, ಪಕ್ಕದಲ್ಲಿ ‘ಶ್ರದ್ಧೆ ಸಾಲದು’. ಅಪ್ಪನ ಆ ದುಂಡು ಅಕ್ಷರ ನನಗೆ ತಿಳಿಯದೆ? ನಗು ತಡೆಯಲು ತುಟಿ ಕಚ್ಚಿಕೊಂಡೆ, ನರ್ಸಕ್ಕನ ಮುಖ ನೋಡಿದರೆ ಅಳು ಬಂತು.

ಮನೆಗೆ ಬಂದು ಅಪ್ಪನನ್ನು ಕೇಳಿದರೆ, “ನಿಮ್ಮಮ್ಮನ ಹಾಸಿಗೆ ಪಕ್ಕ ಎಂಟು ತಿಂಗಳು ಕೂತವಳಿಗೆ ಒಂದೇ ಒಂದು ಅಂಕ ಕೊಡೋಕೆ ಕೈ ಬರುತ್ತೇನೇ?” ಅಂದರು. ನಾನು ವಿವರಿಸಿ ಹೇಳಿದ ಮೇಲೆ ಹಜಾರದ ಬೋರ್ಡನ್ನು ಗೋಡೆಗೆ ತಿರುಗಿಸಿಟ್ಟರು. ಒಳ್ಳೆಯದೆಂದರೆ, ಅಸಿಂಧು ಮತಗಳೇ ಹೆಚ್ಚಾಗಿ ಭಾನುವಾರ ಮರುಮತದಾನ ಇಟ್ಟಿದ್ದಾರೆ. ನನಗೆ ಈಗ ಧೈರ್ಯ ಬಂದಿದೆ.

ಬಿಸಿಲಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೋ. ನೂರು ವರ್ಷ ಚೆನ್ನಾಗಿರು.

ನಿನ್ನ ಅಕ್ಕ

ಮರೆತಿದ್ದೆ: ಬೆಳಿಗ್ಗೆ ಅಪ್ಪ ಮನೆಮನೆಗೂ ಹೋಗಿ, “ಪಾಠ ತಪ್ಪು ಹೇಳಿಕೊಟ್ಟೆ, ತಪ್ಪು ನನ್ನದು” ಅಂದು ಬಂದರು. ಬಂದವರೇ ನಿನಗೊಂದು ಮಾತು ಬರೆ ಅಂದರು. ಏಳನೇ ತರಗತಿಯ ಆ ಲೆಕ್ಕ ನೀನು ಮಾಡಿದ್ದೇ ಸರಿಯಂತೆ. ಅವತ್ತು ಸಂಜೆಯೇ ಗೊತ್ತಾಗಿತ್ತಂತೆ, ಹೇಳಲು ಬಾಯಿ ಬರಲಿಲ್ಲವಂತೆ. ಭಾನುವಾರಕ್ಕೆ ಬಂದುಬಿಡೋ.