ಸಕ್ಕರೆ ಇಲ್ಲದ ಚಹಾ

ಹತ್ತಿಮತ್ತೂರು,
ಸೋಮವಾರ

ಶಾಕೀರಾ ಮೇಡಂ ಅವರಿಗೆ ನಮಸ್ಕಾರ.

ಎಚ್‌ಐವಿ ಗುಳಿಗೆ ಒಯ್ಯಲು ತಿಂಗಳಿಗೊಮ್ಮೆ ಹಾನಗಲ್ಲಿನ ನಿಮ್ಮ ಆಸ್ಪತ್ರೆಗೆ ಬಂದಾಗಲೆಲ್ಲ ನೀವು ಕೇಳುತ್ತಿದ್ದಿರಿ: "ಮನ್ಯಾಗ ಹೇಳೀರೇನ್ರಿ? ನಿರೋಧ್ ಬಳಸಾಕತ್ತೀರೇನ್ರಿ?" ಎರಡು ವರ್ಷ "ಹೂಂನ್ರಿ, ಎಲ್ಲಾ ಬರೋಬ್ಬರಿ ಐತ್ರಿ" ಎಂದೆ. ಹೆಂಡತಿ ನೀಲವ್ವನಿಗೆ ಹೇಳಿರಲಿಲ್ಲ. ನೀವು ಕೊಟ್ಟ ಪೊಟ್ಟಣಗಳು ನನ್ನ ಟಂಟಂ ಗಾಡಿಯ ಸೀಟಿನಡಿ ಹಾಗೇ ಇವೆ. ಗುಳಿಗೆಯನ್ನೂ ಎಷ್ಟೋ ದಿನ ಬಿಟ್ಟೆ.

ನೀಲವ್ವನಿಗೆ ಅವು ಸಕ್ಕರೆ ಕಾಯಿಲೆಯ ಗುಳಿಗೆ ಎಂದಿದ್ದೆ. ಅಂದಿನಿಂದ ಆಕೆ ನನ್ನ ಚಹಾಕ್ಕೆ ಸಕ್ಕರೆ ಹಾಕಲಿಲ್ಲ. "ನಿಮಗಿಲ್ಲದ ಸಕ್ರಿ ನನಗ್ಯಾಕ್ರಿ?" ಎಂದು ತನ್ನದಕ್ಕೂ ಬಿಟ್ಟಳು.

ಈಗ ಆಕೆ ಐದು ತಿಂಗಳ ಬಸುರಿ. ತಪಾಸಣೆಯಲ್ಲಿ ಆಕೆಗೂ ಎಚ್‌ಐವಿ ಇರುವುದು ಗೊತ್ತಾಯಿತು. ನಿನ್ನೆ ಎಲ್ಲ ಹೇಳಿದೆ. ಬೈಯಲಿಲ್ಲ. "ಕೂಸಿಗೆ ಏನೂ ಆಗಂಗಿಲ್ಲಲ್ರಿ?" ಎಂದಷ್ಟೇ ಕೇಳಿದಳು. ಇಂದು ಬೆಳಿಗ್ಗೆ ನನ್ನ ಚಹಾಕ್ಕೆ ಸಕ್ಕರೆ ಹಾಕಿ ತಂದಿಟ್ಟಳು. ತಾನು ಕುಡಿಯಲಿಲ್ಲ.

ಗುರುವಾರ ಆಕೆಯನ್ನು ಕರೆತರುತ್ತೇನೆ. ನಾನು ಹೊರಗೇ ಕೂಡುತ್ತೇನೆ. ಕೂಸನ್ನು ಉಳಿಸಿಕೊಳ್ಳಲು ಏನು ಮಾಡಬೇಕೋ ಆಕೆಗೆ ನಿಧಾನವಾಗಿ ತಿಳಿಸಿ ಹೇಳಿ. ಚಹಾ ತರಿಸಿದರೆ, ಆಕೆಯದಕ್ಕೆ ಸಕ್ಕರೆ ಹಾಕಿಸಿ.

ನಿಮಗೂ ಸುಳ್ಳು ಹೇಳಿದ
ಫಕ್ಕೀರೇಶ